ಜನರ ಹಣ ಕೇಳುವ ಮೊದಲು: ಗ್ಯಾಜೆಟ್ ತಯಾರಕರಿಗೆ ಬಹಿರಂಗ ಪತ್ರ

ಹೊಸ ಯಂತ್ರವೊಂದನ್ನು ಕಟ್ಟಿ, ಅದಕ್ಕೆ ಜನರಿಂದ ಹಣ ಎತ್ತಲು ಹೊರಟಿರುವ ಮಿತ್ರರೇ,

ನಿಮ್ಮಂಥವರ ಯೋಜನೆಗಳಿಗೆ ವರ್ಷಗಳಿಂದ ಹಣ ಹಾಕುತ್ತ ಬಂದವನು ನಾನು, ಮುಂದೆಯೂ ಹಾಕುವವನೇ. ಯಾವ ಅಂಗಡಿಯಲ್ಲೂ ಸಿಗದ ವಸ್ತು ಯಾರದೋ ಮನೆಯ ಮೇಜಿನ ಮೇಲೆ ಹುಟ್ಟಿ, ಮುಖ ನೋಡದ ಸಾವಿರಾರು ಜನರ ಪುಡಿಗಾಸಿನಿಂದ ಲೋಕಕ್ಕೆ ಬರುತ್ತದಲ್ಲ, ಅದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಕನ್ನಡಿಗರಿಗೆ ಈ ದಾರಿ ಹೊಸದೂ ಅಲ್ಲ. 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ ‘ಲೂಸಿಯಾ’ ಚಿತ್ರಕ್ಕೆ ಬಂಡವಾಳ ಹಾಕಿದವರು ಪ್ರೇಕ್ಷಕರೇ. ಹಾಗಾಗಿ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಕ್ಯಾಂಪೇನ್ ಶುರುವಾಗುವ ಮುನ್ನ ಕೆಲವು ಮಾತು ಹೇಳಲೇಬೇಕು ಅನಿಸಿತು.

ತಡವಾದರೆ ನಾವು ಮುನಿಸಿಕೊಳ್ಳುವುದಿಲ್ಲ, ಇದನ್ನು ನಂಬಿ. 2012ರ ಏಪ್ರಿಲ್‌ನಲ್ಲಿ ಪೆಬಲ್ ಎಂಬ ಸ್ಮಾರ್ಟ್‌ವಾಚ್‌ಗಾಗಿ ಎರಿಕ್ ಮಿಗಿಕೋವ್‌ಸ್ಕಿ ಜನರಿಂದ ಹಣ ಎತ್ತುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಕೇಳಿದ್ದು 1 ಲಕ್ಷ ಡಾಲರ್. ಹೆಚ್ಚುಕಡಿಮೆ 69 ಸಾವಿರ ಜನ ಸೇರಿ 1 ಕೋಟಿ ಡಾಲರ್‌ಗೂ ಮೀರಿ ಕೊಟ್ಟರು. ಅದೇ ವರ್ಷ ಬರಬೇಕಿದ್ದ ಗಡಿಯಾರ ಕಾರ್ಖಾನೆಯಿಂದ ಹೊರಟಿದ್ದು 2013ರ ಜನವರಿಯಲ್ಲಿ. ಆದರೂ 2015ರಲ್ಲಿ ಅದೇ ಕಂಪನಿ ಹೊಸ ಗಡಿಯಾರ ಹಿಡಿದು ಬಂದಾಗ ಜನ 2 ಕೋಟಿ ಡಾಲರ್ ದಾಟಿಸಿದರು. ಮರುವರ್ಷ ಕಂಪನಿ ಮುಳುಗಿ ಫಿಟ್‌ಬಿಟ್‌ನ ಪಾಲಾಯಿತು. ಬಳಕೆದಾರರು ಆಮೇಲೂ ಕೈಬಿಡಲಿಲ್ಲ. ರೆಬಲ್ ಎಂಬ ಹೆಸರಿನಲ್ಲಿ ಒಂದಾಗಿ, ನಿಂತುಹೋಗಲಿದ್ದ ಸೇವೆಗಳನ್ನು ತಾವೇ ನಡೆಸಿದರು. ಪೆಬಲ್ ಗಡಿಯಾರದ ತಂತ್ರಾಂಶದ ಮೂಲವನ್ನು, ಮುಂದೆ ಫಿಟ್‌ಬಿಟ್ ಅನ್ನು ಕೊಂಡ ಗೂಗಲ್ 2025ರ ಜನವರಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ನೀವು ಬ್ಯಾಕರ್ ಎಂದು ಕರೆಯುವ ಜನ ಇಂಥವರು. ಇಂಥವರ ಮುಂದೆ ಸತ್ಯ ಮುಚ್ಚಿಡುವ ಅಗತ್ಯ ನಿಮಗೇಕೆ ಬರಬೇಕು?

ಮುಚ್ಚಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ವೇಲ್ಸ್‌ನ ಜ಼ಾನೋ ಡ್ರೋನ್ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ತಾನೇ ಹಾರಿ ನಿಮ್ಮ ಫೋಟೊ ತೆಗೆಯುತ್ತದೆ ಎಂದರು ಅದರ ತಯಾರಕರು. 12 ಸಾವಿರ ಜನ 23 ಲಕ್ಷ ಪೌಂಡ್ ಕೊಟ್ಟರು. 2015ರ ನವೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಆಗ ಕಿಕ್‌ಸ್ಟಾರ್ಟರ್ ಸಂಸ್ಥೆಯೇ ಮಾರ್ಕ್ ಹ್ಯಾರಿಸ್ ಎಂಬ ಪತ್ರಕರ್ತರಿಗೆ ಸಂಬಳ ಕೊಟ್ಟು ತನಿಖೆ ಮಾಡಿಸಿತು. ಮಾಡಲು ಹೊರಟ ಕೆಲಸಕ್ಕೆ ಬೇಕಾದ ತಾಂತ್ರಿಕ ತಿಳಿವಳಿಕೆಯಾಗಲಿ ವ್ಯವಹಾರಜ್ಞಾನವಾಗಲಿ ತಯಾರಕರಲ್ಲಿ ಇರಲಿಲ್ಲ ಎಂದು ಆ ವರದಿ ಹೇಳಿತು. ಕ್ಯಾಂಪೇನ್ ವಿಡಿಯೊ ತೋರಿಸಿದ್ದಕ್ಕೂ ಯಂತ್ರ ಮಾಡಬಲ್ಲದ್ದಕ್ಕೂ ತಾಳೆಯಿರಲಿಲ್ಲ. ಮೋಸ ಮಾಡಲೆಂದೇ ಬಂದವರ ವಿಷಯ ಪೊಲೀಸರಿಗೆ, ಕೋರ್ಟಿಗೆ ಬಿಟ್ಟದ್ದು. ನನ್ನನ್ನು ಕಾಡುವುದು ಒಳ್ಳೆಯ ಮನಸ್ಸಿನಿಂದ ಬಂದು, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದುಕೊಂಡವರು.

ಇನ್ನೊಂದು ಪ್ರಕರಣವನ್ನು ನೀವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕು. 2014ರಲ್ಲಿ ಅಮೆರಿಕದ ಆರೆಗನ್ ರಾಜ್ಯದಿಂದ ಬಂದ ಕೂಲೆಸ್ಟ್ ಕೂಲರ್. ಪಿಕ್‌ನಿಕ್‌ಗೆ ಒಯ್ಯುವ ಐಸ್ ಪೆಟ್ಟಿಗೆ, ಅದರಲ್ಲೇ ಮಿಕ್ಸರ್, ಸ್ಪೀಕರ್, ಫೋನ್ ಚಾರ್ಜರ್. ಕೇಳಿದ್ದು 50 ಸಾವಿರ ಡಾಲರ್, ಬಂದಿದ್ದು 1 ಕೋಟಿ 30 ಲಕ್ಷಕ್ಕೂ ಹೆಚ್ಚು. 62 ಸಾವಿರಕ್ಕೂ ಮೀರಿದ ಜನ. ಆಗಿನ ಕಿಕ್‌ಸ್ಟಾರ್ಟರ್ ದಾಖಲೆ ಅದು. ಆದರೆ ಒಂದು ಪೆಟ್ಟಿಗೆ ಮಾಡಿ ಕಳಿಸಲು ಆಗುವ ಖರ್ಚು ಬ್ಯಾಕರ್‌ಗಳು ಕೊಟ್ಟ ಬೆಲೆಗಿಂತ ಜಾಸ್ತಿ ಇತ್ತು. ಹಾಗಿರುವಾಗ ಬಂದ ಪ್ರತಿ ಆರ್ಡರೂ ನಷ್ಟದ ಮೇಲೆ ನಷ್ಟ. ಹಣ ಹೊಂದಿಸಲು ಕಂಪನಿ ಅದೇ ಪೆಟ್ಟಿಗೆಯನ್ನು ಅಮೆಜಾನ್‌ನಲ್ಲಿ ಹೆಚ್ಚಿನ ಬೆಲೆಗೆ ಮಾರಿತು. ಮೊದಲೇ ದುಡ್ಡು ಕೊಟ್ಟವರು ಕಾಯುತ್ತ ಕೂತರು. 2016ರಲ್ಲಿ, ಬೇಗ ಬೇಕಿದ್ದರೆ ಇನ್ನೂ 97 ಡಾಲರ್ ಕೊಡಿ ಎಂದಿತು. 2019ರ ಡಿಸೆಂಬರ್‌ನಲ್ಲಿ ಕಂಪನಿ ಮುಚ್ಚಿದಾಗ ಸುಮಾರು 20 ಸಾವಿರ ಜನರಿಗೆ ಪೆಟ್ಟಿಗೆ ಬಂದೇ ಇರಲಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಗುರಿ ಮುಟ್ಟದಿದ್ದರೆ ಏನು ಮಾಡುವುದು ಎಂದು ನೀವೆಲ್ಲ ಯೋಚಿಸಿರುತ್ತೀರಿ, ಗುರಿಯ ಇನ್ನೂರು ಪಟ್ಟು ಬಂದರೆ ಏನು ಗತಿ ಎಂದು ಯೋಚಿಸಿದವರು ಕಡಿಮೆ. ಇನ್ನೂರು ತುಂಡನ್ನು ನೀವೇ ಕೂತು ಬೆಸುಗೆ ಹಾಕಬಹುದು, ಡಬ್ಬಿಯನ್ನು ತ್ರೀಡಿ ಪ್ರಿಂಟರ್‌ನಲ್ಲಿ ತೆಗೆಯಬಹುದು. ಇಪ್ಪತ್ತು ಸಾವಿರಕ್ಕೆ ಮೋಲ್ಡ್, ಅಂದರೆ ಉಕ್ಕಿನ ಅಚ್ಚು ಬೇಕು. ಬೆಂಗಳೂರಿನ ಪೀಣ್ಯದ ಯಾವುದೇ ಟೂಲ್‌ರೂಮ್‌ಗೆ ನಿಮ್ಮ ಪ್ರಿಂಟ್ ಮಾಡಿದ ಡಬ್ಬಿ ಒಯ್ದು ತೋರಿಸಿ. ಅಲ್ಲಿನ ಮೇಸ್ತ್ರಿ ಮೊದಲು ಅದರ ಗೋಡೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಗೋಡೆ ನೆಟ್ಟಗೆ ನಿಂತಿದ್ದರೆ ಪ್ಲಾಸ್ಟಿಕ್ ಅಚ್ಚು ಬಿಟ್ಟು ಈಚೆ ಬರುವುದಿಲ್ಲ, ಒಂದೆರಡು ಡಿಗ್ರಿ ಓರೆ ಕೊಡಿ ಎನ್ನುತ್ತಾರೆ. ಒಳಗಿನ ಸ್ಕ್ರೂ ಕಂಬ ದಪ್ಪವಾಗಿದ್ದರೆ ಆರುವಾಗ ಹೊರಮೈಯಲ್ಲಿ ಗುಳಿ ಬೀಳುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಉಕ್ಕು ಕೊರೆದಾದ ಮೇಲೆ ತಿದ್ದುವುದು ದುಬಾರಿ ಬಾಬತ್ತು. ವಿಡಿಯೊ ತೆಗೆಯುವ ಮೊದಲೇ ಆ ಮೇಸ್ತ್ರಿಯ ಹತ್ತಿರ ಹೋಗಿ. ಅವರು ಬರೆದುಕೊಟ್ಟ ಕೊಟೇಶನ್ ಅನ್ನು ನಮಗೂ ತೋರಿಸಿ. ನುಣ್ಣಗೆ ಹೊಳೆಯುವ ಕಂಪ್ಯೂಟರ್ ಚಿತ್ರಕ್ಕಿಂತ ಆ ಹಾಳೆಯ ಮೇಲೆ ನನಗೆ ಹೆಚ್ಚು ನಂಬಿಕೆ. 2012ರಲ್ಲೇ ಕಿಕ್‌ಸ್ಟಾರ್ಟರ್, ತಾನು ಅಂಗಡಿಯಲ್ಲ ಎಂದು ಸಾರಿ, ಹಾರ್ಡ್‌ವೇರ್ ಯೋಜನೆಗಳಲ್ಲಿ ಅಂಥ ಚಿತ್ರಗಳನ್ನು ನಿಷೇಧಿಸಿತ್ತು.

ಬ್ಯಾಟರಿಯ ವಿಷಯವೂ ಹೀಗೆಯೇ. ಲಿಥಿಯಂ ಸೆಲ್ ಇರುವ ವಸ್ತುವನ್ನು ವಿಮಾನದಲ್ಲಿ ಕಳಿಸಬೇಕಾದರೆ ಪರೀಕ್ಷೆ, ಕಾಗದಪತ್ರ ಎಲ್ಲ ಬೇಕು. ಭಾರತದ ಬ್ಯಾಕರ್‌ಗೆ ಪಾರ್ಸೆಲ್ ಬಂದಾಗ ಕೊರಿಯರ್‌ನವರು ಕಸ್ಟಮ್ಸ್ ಸುಂಕ ಕಟ್ಟಿ, ಕೆವೈಸಿ ಕೊಡಿ ಎಂದು ಫೋನ್ ಮಾಡುತ್ತಾರೆ. ಅದು ಯಾರ ಜೇಬಿನಿಂದ ಹೋಗುವ ಹಣ ಎಂದು ಮೊದಲೇ ಹೇಳಿಬಿಡಿ.

ತಪ್ಪಾದಾಗ ಹೇಗೆ ನಡೆದುಕೊಳ್ಳಬೇಕು ಎಂದು ಕಲಿಯಲು ಮೈಕ್ರೋವ್ಯೂ ನೋಡಿ. ಬೆರಳಗಲದ ಪರದೆಯಿದ್ದ, ನಾವೇ ಪ್ರೋಗ್ರಾಮ್ ಬರೆದು ಆಡಿಸುವ ಪುಟಾಣಿ ಆರ್ಡುಯಿನೊ ಬೋರ್ಡ್ ಅದು. 2014ರಲ್ಲಿ ಅದನ್ನು ತಯಾರಿಸಿ ಕಳಿಸಿದ್ದು ಅಮೆರಿಕದ ಕೊಲರಾಡೊದ ಸ್ಪಾರ್ಕ್‌ಫನ್ ಕಂಪನಿ. ಮೊದಲ ಸುಮಾರು 2 ಸಾವಿರ ತುಂಡುಗಳಿಗೆ, ಪ್ರೋಗ್ರಾಮನ್ನು ಒಳಗೆ ತೆಗೆದುಕೊಳ್ಳುವ ಬೂಟ್‌ಲೋಡರ್ ಹಾಕುವುದೇ ತಪ್ಪಿಹೋಗಿತ್ತು. ಆನ್ ಮಾಡಿದರೆ ಪರದೆ ಬೆಳಗುತ್ತದೆ, ನೀವು ಬರೆದ ಪ್ರೋಗ್ರಾಮ್ ಮಾತ್ರ ಒಳಗೆ ಹೋಗುವುದಿಲ್ಲ. ಹವ್ಯಾಸಿಗೆ ಅದು ಇದ್ದೂ ಇಲ್ಲದಂತೆ. ಸ್ಪಾರ್ಕ್‌ಫನ್ ತಪ್ಪು ಒಪ್ಪಿಕೊಂಡಿತು, ಪರೀಕ್ಷೆ ಎಲ್ಲಿ ಸೋತಿತು ಎಂದು ಬಿಡಿಸಿ ಬರೆಯಿತು, ಎಲ್ಲರಿಗೂ ತನ್ನ ಖರ್ಚಿನಲ್ಲಿ ಬದಲಿ ಕಳಿಸಿತು.

ನನ್ನ ಬಳಿ ಒಂದು ಬೆಸುಗೆ ಕಿಟ್ ಇದೆ, ಇಬ್ಬರೇ ಸೇರಿ ಮಾಡಿದ್ದು. ಪೊಟ್ಟಣದೊಳಗೆ ಕೈಬರಹದ ಒಂದು ಚೀಟಿ: ‘ಬೋರ್ಡಿನ ಮೇಲೆ ಡಯೋಡ್ ಗುರುತು ತಿರುಗುಮುರುಗಾಗಿ ಅಚ್ಚಾಗಿದೆ. ಪಟ್ಟಿಯಿರುವ ತುದಿ ಒಳಕ್ಕೆ ಬರಲಿ. ಕ್ಷಮಿಸಿ.’ ಬೋರ್ಡಿನಲ್ಲೂ ಅದೇ ಜಾಗಕ್ಕೆ ಕೆಂಪು ಮಾರ್ಕರ್‌ನಿಂದ ಒಂದು ಚುಕ್ಕೆ. ಪ್ರತಿ ಬೋರ್ಡಿಗೂ ಕೂತು ಚುಕ್ಕೆ ಇಟ್ಟಿದ್ದಾರೆ. ಅವರ ಮುಂದಿನ ಯೋಜನೆಗೆ ನಾನು ಪುಟ ಪೂರ್ತಿ ಓದದೆ ಹಣ ಹಾಕಿದೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮಾಲಿಕ್ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹಣ ಎತ್ತಿದ ಕಿಕ್‌ಸ್ಟಾರ್ಟರ್ ಯೋಜನೆಗಳಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲಾಗದವು ನೂರಕ್ಕೆ 9. ಹೆಚ್ಚಿನವರು ಹೇಗೋ ಏಗಿ ತಲುಪಿಸುತ್ತಾರೆ ಎಂದಾಯಿತು. ಆ ಒಂಬತ್ತರಲ್ಲಿ ನೀವೂ ಒಬ್ಬರಾಗಬಹುದು. ಹಾಗಾದರೆ ಕೈಯಲ್ಲಿ ಉಳಿದ ಹಣವೆಷ್ಟು, ಯಾವುದಕ್ಕೆ ಎಷ್ಟು ಹೋಯಿತು ಎಂದು ಲೆಕ್ಕ ಬರೆದು ಹಾಕಿ. ಸರ್ಕ್ಯೂಟ್ ನಕ್ಷೆ, ಫರ್ಮ್‌ವೇರ್ ಎಲ್ಲವನ್ನೂ ಬಿಟ್ಟುಕೊಡಿ. ನಮ್ಮಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಿ ತಂದು, ನೀವು ನಿಲ್ಲಿಸಿದಲ್ಲಿಂದ ಮುಂದುವರಿಸುವವರು ಇದ್ದಾರೆ. ತಿಂಗಳುಗಟ್ಟಲೆ ಅಪ್‌ಡೇಟ್ ಇಲ್ಲದೆ, ಇಮೇಲ್‌ಗೆ ಉತ್ತರವಿಲ್ಲದೆ ಕೂರುವುದು ಮಾತ್ರ ನಮ್ಮಿಂದಾಗದು.

ನಿಮ್ಮ ಪುಟದಲ್ಲಿ ಕೆಲಸ ಮಾಡುವ ಬೋರ್ಡಿನ ಕತ್ತರಿಸದ ವಿಡಿಯೊ, ಒಂದು ತುಂಡಿಗೆ ತಗಲುವ ಪೂರ್ತಿ ಖರ್ಚು, ಗರಿಷ್ಠ ಎಷ್ಟು ಆರ್ಡರ್ ತೆಗೆದುಕೊಳ್ಳುತ್ತೀರಿ ಎಂಬ ಮಿತಿ, ಇಷ್ಟು ಹಾಕಿ. ಹಾಕಿದ ದಿನ ನನಗೆ ಲಿಂಕ್ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಬ್ಯಾಕರ್