ಗೈರುಹಾಜರಿ ಸಿದ್ಧಾಂತ: ಶಹಾಪುರ–ಸುರಪುರ ಸೀಮೆಯ ಕಿರಿಯ ಪ್ರಾಥಮಿಕ ಶಾಲೆಗಳನ್ನು ಕುರಿತ ಶಾಸ್ತ್ರವಿಚಾರ

ಗ್ರಂಥಾರಂಭದಲ್ಲಿ ವಿಘ್ನನಿವಾರಣೆಗೆ ಮಂಗಳಾಚರಣೆ ಮಾಡುವುದು ಶಿಷ್ಟರ ಪದ್ಧತಿ. ಪ್ರಸ್ತುತ ವಿಷಯದಲ್ಲಿ ವಿಘ್ನೇಶ್ವರನಿಗಿಂತ ಬಿಇಒ ಸಾಹೇಬರು ಹತ್ತಿರದವರು. ಆದ್ದರಿಂದ ಅವರಿಗೂ, ಉರಿಬಿಸಿಲಲ್ಲಿ ಬೈಕಿನ ಮೇಲೆ ಊರೂರು ಅಲೆದು ಮಾಹಿತಿ ಕೇಳುವ ಸಿಆರ್‌ಪಿಗಳಿಗೂ, ಬಿಸಿಯೂಟದ ಕೋಣೆಯಲ್ಲಿ ಅನ್ನಕ್ಕೆ ಎಸರಿಟ್ಟು ಕೂತ ತಾಯಂದಿರಿಗೂ ವಂದಿಸಿ ಪ್ರಕೃತಕ್ಕೆ ಬರುತ್ತೇನೆ.

ಶಿಕ್ಷಣವನ್ನು ಕುರಿತು ಈ ತನಕ ಬಂದ ಗ್ರಂಥಗಳೆಲ್ಲ ಶಾಲೆಗೆ ಬಂದ ಮಗುವನ್ನು ಕುರಿತವು. ಬಂದ ಮಗು ಹೇಗೆ ಕಲಿಯುತ್ತದೆ, ಯಾಕೆ ಕಲಿಯುವುದಿಲ್ಲ, ಕಲಿತದ್ದನ್ನು ಯಾವಾಗ ಮರೆಯುತ್ತದೆ ಎಂಬುದರ ಮೇಲೆ ಪಿಎಚ್‌ಡಿಗಳ ರಾಶಿಯೇ ಬಿದ್ದಿದೆ. ಬಾರದ ಮಗುವಿನ ಬಗ್ಗೆ ಮಾತ್ರ ವಿದ್ವಾಂಸರು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಗುರುತು ಹಾಕಿ ಸುಮ್ಮನಾಗಿದ್ದಾರೆ. ಈ ಕೊರತೆ ನೀಗಲೆಂದು ನಾನು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ, ಹತ್ತಿ ಹೊಲಗಳ ನಡುವೆ ಇರುವ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಆರಿಸಿಕೊಂಡೆ. ಸಂಶೋಧನೆಯ ನೀತಿಸಂಹಿತೆಯಂತೆ ಊರಿನ ಹೆಸರು ಹೇಳುವಂತಿಲ್ಲ. ಎರಡು ಕೋಣೆ, ಒಂದು ಬೇವಿನ ಮರ, ಒಬ್ಬ ಮಾಸ್ತರು, ಒಬ್ಬರು ಅತಿಥಿ ಅಕ್ಕೋರು, ನೀರು ಬಾರದ ನಳ. ಇಷ್ಟು ಹೇಳಿದರೆ ಯಾದಗಿರಿ ಸೇರಿ ಮೂರೂ ತಾಲ್ಲೂಕಿನ ಯಾವ ಊರಾದರೂ ಆಗಬಹುದು, ಗೋಪ್ಯ ಕಾಯ್ದಂತಾಯಿತು.

ಚಾರಿತ್ರಿಕ ಹಿನ್ನೆಲೆ ಇಲ್ಲದ ಪ್ರಬಂಧವನ್ನು ಪರೀಕ್ಷಕರು ಒಪ್ಪುವುದಿಲ್ಲ. ಸುರಪುರ ಸೀಮೆಯ ಮೊದಲ ಏಕೋಪಾಧ್ಯಾಯ ಶಾಲೆ 1841ರಲ್ಲಿ ಆರಂಭವಾಯಿತೆಂಬುದು ನನ್ನ ಮಂಡನೆ. ಆ ವರ್ಷ ಫಿಲಿಪ್ ಮೆಡೋಸ್ ಟೇಲರ್ ಸಂಸ್ಥಾನದ ವ್ಯವಹಾರ ನೋಡಿಕೊಳ್ಳಲು ಬಂದ. ದೊರೆ ವೆಂಕಟಪ್ಪ ನಾಯಕ ಆಗಿನ್ನೂ ಹುಡುಗ. ಅವನನ್ನು ಬೆಳೆಸಿ ತಿದ್ದುವ ಹೊಣೆ ಟೇಲರನ ಮೇಲೆ ಬಿತ್ತು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಶಿಷ್ಯ ಒಬ್ಬ, ಗುರು ಒಬ್ಬ. 2009ರ ಶಿಕ್ಷಣ ಹಕ್ಕು ಕಾಯ್ದೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎನ್ನುತ್ತದೆ. ಟೇಲರನ ಅನುಪಾತವನ್ನು ಸುರಪುರ ಮತ್ತೆ ಮುಟ್ಟಿಲ್ಲ. ಇಷ್ಟಾದರೂ ಫಲಿತಾಂಶ ನೋಡಿ. ಗುರು 1853ರಲ್ಲಿ ಬೇರೆಡೆಗೆ ಹೋದ. 1858ರಲ್ಲಿ ಶಿಷ್ಯ ಕಂಪನಿಯ ವಿರುದ್ಧವೇ ಕತ್ತಿ ಹಿಡಿದ. ಶಿಕ್ಷಕರನ್ನು ನಡುವೆ ವರ್ಗ ಮಾಡಬಾರದು ಎನ್ನುವವರು ಇದಕ್ಕಿಂತ ದೊಡ್ಡ ಪುರಾವೆ ಹುಡುಕಬೇಕಾಗಿಲ್ಲ.

ಗೈರುಹಾಜರಿಗೂ ಈ ನೆಲಕ್ಕೂ ಹಳೆಯ ನಂಟಿದೆ. 1947ರ ಆಗಸ್ಟ್ 15ರಂದು ದೇಶದ ಹಾಜರಿ ಕರೆದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ ‘ಎಸ್ ಸರ್’ ಎನ್ನಲಿಲ್ಲ. ನಿಜಾಮರು ಇವನ್ನು ಹೈದರಾಬಾದಿನ ಜೊತೆ ಬಾಗಿಲ ಹೊರಗೇ ನಿಲ್ಲಿಸಿಕೊಂಡಿದ್ದರು. 13 ತಿಂಗಳು ತಡವಾಗಿ, 1948ರ ಸೆಪ್ಟೆಂಬರ್ 17ಕ್ಕೆ ಒಳಗೆ ಬಂದವು. ತಡವಾಗಿ ಬಂದವರನ್ನು ಬೆಂಚಿನ ಮೇಲೆ ನಿಲ್ಲಿಸುವುದು ವಾಡಿಕೆ. ಇಲ್ಲಿ ಮಾತ್ರ ಲಾಭವೇ ಆಗಿದೆ: ಆಗಸ್ಟಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಬಾವುಟ ಏರುತ್ತದೆ, ಎರಡು ಸಲ ಬೂಂದಿ ಸಿಗುತ್ತದೆ. ಆ ಎರಡೂ ದಿನ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಬಹಳ ಕಡಿಮೆ. ಕಾರಣ ದೇಶಪ್ರೇಮವೋ ಬೂಂದಿಯೋ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಇನ್ನು ಸಿದ್ಧಾಂತ. ಅಭಾವವನ್ನೂ ಒಂದು ಪದಾರ್ಥವೆಂದು ಒಪ್ಪಿದವರು ನಮ್ಮ ನ್ಯಾಯ–ವೈಶೇಷಿಕರು. ಇಲ್ಲದಿರುವುದಕ್ಕೂ ಒಂದು ಇರವು ಉಂಟು ಎಂದು ವಾದಿಸಿದ ಆ ಮಹಾನುಭಾವರು ಯಾವುದೋ ಜನ್ಮದಲ್ಲಿ ಯಾದಗಿರಿ ಕಡೆಯ ಮುಖ್ಯಗುರುಗಳಾಗಿದ್ದಿರಬೇಕು. ಅವರು ಅಭಾವವನ್ನು ನಾಲ್ಕು ಬಗೆ ಮಾಡಿದ್ದಾರೆ. ನಾಲ್ಕೂ ನಮ್ಮ ಶಾಲೆಯಲ್ಲಿ ಸಿಗುತ್ತವೆ.

ಪ್ರಾಗಭಾವಕ್ಕೆ ಹೆಚ್ಚು ಹೊತ್ತು ಬೇಡ. ಗಡಿಗೆ ಹುಟ್ಟುವ ಮೊದಲು ಗಡಿಗೆ ಇರುವುದಿಲ್ಲ. ಶಾಲೆ ಶುರುವಾದ ಹೊಸತರಲ್ಲಿ ಮಕ್ಕಳು ಇರುವುದಿಲ್ಲ. ಮಾವಿನೆಲೆ ಕಟ್ಟಿ ಪ್ರಾರಂಭೋತ್ಸವ ಮಾಡುತ್ತಾರೆ, ಎಲೆ ಒಣಗುವ ಹೊತ್ತಿಗೆ ಸೋದರಮಾವನ ಊರಿಂದ ಮಕ್ಕಳು ಬರುತ್ತಾರೆ. ಒಂದು ಮಳೆಯಾದರೆ ಈ ಅಭಾವ ತಾನೇ ಕಳೆಯುತ್ತದೆ.

ಪ್ರಧ್ವಂಸಾಭಾವ ಎಂದರೆ ಇದ್ದದ್ದು ನಾಶವಾಗಿ ಇಲ್ಲವಾಗುವುದು. ಇದು ನಿತ್ಯ ಮಧ್ಯಾಹ್ನ ಗಂಗಾಳ ತೊಳೆದ ಮೇಲೆ ಸಂಭವಿಸುತ್ತದೆ. ಊಟಕ್ಕೆ ಮುಂಚೆ ಕೋಣೆ ತುಂಬ ಇದ್ದ ಮಕ್ಕಳು ಆಮೇಲೆ ಅರ್ಧವಾಗುತ್ತಾರೆ. ಉಳಿದ ಅರ್ಧದಲ್ಲೂ ಒಂದು ಪಾಲು ಶಹಾಪುರದ ಗುಡ್ಡದ ಮೇಲೆ ಮಲಗಿರುವ ಬುದ್ಧನ ಭಂಗಿಗೆ ಜಾರುತ್ತದೆ. ಇದನ್ನು ಇಲಾಖೆ ಸೋಮಾರಿತನ ಎನ್ನಬಹುದು, ಅದು ಪೂರ್ವಪಕ್ಷ. ಬೆಳಿಗ್ಗೆ ಬರಿ ಚಹಾ ಕುಡಿದು ಬಂದ ಹೊಟ್ಟೆಗೆ ಮೊದಲ ಅನ್ನ ಬಿದ್ದಿದೆ, ತಲೆಯ ಮೇಲೆ ತಗಡು ಕಾಯುತ್ತಿದೆ, ನಲಿಕಲಿ ಕೋಣೆಯ ಹವಾಮಾನ ನಕ್ಷೆಯಲ್ಲಿ ತಿಂಗಳಿಡೀ ಸೂರ್ಯನ ಚಿತ್ರವೊಂದೇ ಇದೆ. ನಿದ್ದೆ ಬಾರದಿದ್ದರೆ ಅದನ್ನು ಸಂಶೋಧಿಸಬೇಕಿತ್ತು.

ಊಟದ ಮಾತು ಬಂದಿದ್ದರಿಂದ ಒಂದು ಉಪಪ್ರಕರಣ. ಜಿಲ್ಲಾವಾರು ಪಟ್ಟಿಗಳನ್ನು ಉಡುಪಿಯವರು ಮೇಲಿನಿಂದ ಓದುತ್ತಾರೆ, ನಾವು ಕೆಳಗಿನಿಂದ ಓದುತ್ತೇವೆ. 2011ರ ಜನಗಣತಿಯ ಸಾಕ್ಷರತೆಯಲ್ಲಿ ರಾಜ್ಯದ ಕೊನೆ ಯಾದಗಿರಿ, 2023ರ ಎಸ್ಸೆಸ್ಸೆಲ್ಸಿಯಲ್ಲಿ ಕೊನೆ, 2024ರಲ್ಲೂ ಕೊನೆ. ಇದರ ನಡುವೆ 2021ರ ಡಿಸೆಂಬರಿನಲ್ಲಿ ಸರ್ಕಾರ ಶಾಲೆಯಲ್ಲಿ ತತ್ತಿ ಕೊಡುವುದನ್ನು ಈ ಭಾಗದಿಂದಲೇ ಶುರು ಮಾಡಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತತ್ತಿ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗಿನ ಮಕ್ಕಳನ್ನೂ ತೂಕ ಮಾಡಿ ನೋಡಿದರು. ಯಾದಗಿರಿಯವರ ತೂಕ ಹೆಚ್ಚು ಏರಿತ್ತು. ನಮ್ಮ ಜಿಲ್ಲೆ ಒಂದು ಅಧ್ಯಯನದಲ್ಲಾದರೂ ಮೇಲೆ ಬಂದದ್ದು ಹೀಗೆ. ತಿಂದರೆ ಮೈ ಹಿಡಿಯುತ್ತದೆ ಎಂದು ಅಜ್ಜಿಯರು ಎಷ್ಟೋ ಕಾಲದಿಂದ ಹೇಳುತ್ತಿದ್ದರು, ಆದರೆ ಅವರ ಬಳಿ ಅಂಕಿಅಂಶ ಇರಲಿಲ್ಲ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವೂ ಸೇರಿ ವಾರಕ್ಕೆ ಆರು ದಿನ ತತ್ತಿ ಬೇಯುತ್ತಿದೆ. ಜೋಳದ ರೊಟ್ಟಿ, ಪುಂಡಿಪಲ್ಯದ ನಾಡಿನ ಮಕ್ಕಳು ಅದೇ ವರ್ಷದಿಂದ ರಾಗಿ ಮಾಲ್ಟನ್ನೂ ಕುಡಿಯುತ್ತಿದ್ದಾರೆ. ಮೈಸೂರು ಸೀಮೆಯೊಂದಿಗಿನ ಏಕೀಕರಣ 1956ರಲ್ಲಿ ಆಯಿತೆಂದು ಪುಸ್ತಕದಲ್ಲಿದೆ. ನಾಲಗೆಯ ಮಟ್ಟಿಗೆ ಅದು ಈಗ ಆಗುತ್ತಿದೆ.

ಮೂರನೆಯದು ಅನ್ಯೋನ್ಯಾಭಾವ: ಘಟವು ಪಟವಲ್ಲ, ಪಟವು ಘಟವಲ್ಲ. ತಿಂಥಣಿ ಮೌನೇಶ್ವರನ ಸೀಮೆಯಾದ್ದರಿಂದ ಹಾಜರಿ ಕರೆಯುವಾಗ ‘ಮೌನೇಶ’ ಎಂದರೆ ಮೂರು ದಿಕ್ಕಿನಿಂದ ಉತ್ತರ ಬರುತ್ತದೆ. ಇದು ಸಣ್ಣ ತೊಡಕು. ದೊಡ್ಡದು ಬೇರೆ ಇದೆ. ಹಾಜರಿ ಪುಸ್ತಕದ ಭೀಮಣ್ಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಭೀಮರಾಯ, ಆಧಾರಿನಲ್ಲಿ ಭೀಮಾಶಂಕರ. ಇಲಾಖೆಯ ಪ್ರಕಾರ ಈ ಮೂವರು ಬೇರೆ ಬೇರೆ ವ್ಯಕ್ತಿಗಳು. ಮೂವರೂ ಒಂದೇ ಚಡ್ಡಿಯಲ್ಲಿ ಮಾಸ್ತರರ ಟೇಬಲ್ಲಿನ ಮುಂದೆ ನಿಂತು ಮೂಗು ಒರೆಸಿಕೊಳ್ಳುತ್ತಿರುತ್ತಾರೆ. ‘ನಿನ್ನ ಖರೇ ಹೆಸರೇನಲೇ?’ ಎಂದು ಮಾಸ್ತರರು ಕೇಳಿದರು. ‘ಮನ್ಯಾಗ ಪುಟ್ಯಾ ಅಂತಾರ್ರಿ ಸರ್’ ಎಂದು ನಾಲ್ಕನೆಯವನೂ ಹುಟ್ಟಿಕೊಂಡ. ಈ ಹುಡುಗ ದಿನವೂ ಬರುತ್ತಾನೆ, ಆದರೂ ಅವನ ವಿದ್ಯಾರ್ಥಿವೇತನ ಬರುವುದಿಲ್ಲ.

ನಾಲ್ಕನೆಯದಾದ ಅತ್ಯಂತಾಭಾವ, ಅಂದರೆ ಪೂರ್ತಿ ಇಲ್ಲದಿರುವುದೇ ನಮ್ಮ ಜಿಲ್ಲೆಯ ನಿಜವಾದ ಶಾಸ್ತ್ರವಿಷಯ. ಹಾಜರಿಯಲ್ಲಿ ಹೆಸರಿದೆ, ಗೋಡೆಯ ಪ್ರಗತಿ ಪಟದಲ್ಲಿ ಹೆಸರಿದೆ, ಮಗು ಮಾತ್ರ ಇಲ್ಲ. ದೀಪಾವಳಿ ಮುಗಿದು ಹತ್ತಿ ಬಾಯಿ ಬಿಡುವ ಹೊತ್ತಿಗೆ ಮೊದಲ ಕಂತು ಖಾಲಿಯಾಗುತ್ತದೆ. ಹತ್ತಿ ಬಿಡಿಸಲು ಸಣ್ಣ ಕೈ ಅನುಕೂಲ, ಬಗ್ಗಿದರೆ ಸಣ್ಣ ಸೊಂಟ ನೋಯುವುದಿಲ್ಲ ಎಂದು ಹೊಲದವರ ನಂಬಿಕೆ. ಸೊಂಟದವರನ್ನು ಯಾರೂ ಕೇಳಿಲ್ಲ. ಎರಡನೆಯ ಕಂತು ಗಂಟುಮೂಟೆ ಕಟ್ಟಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋಗುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ಕಡೆಗೆ ಹೋದರೆ ಬೆಂಗಳೂರು, ಇನ್ನೊಂದು ಕಡೆಗೆ ಹೋದರೆ ಪುಣೆ, ಮುಂಬೈ. ಎರಡೂ ಕಡೆ ಕಟ್ಟಡ ಏಳುತ್ತಲೇ ಇರುತ್ತದೆ. ಅಪ್ಪ ಅವ್ವ ಇಟ್ಟಿಗೆ ಹೊರುತ್ತಾರೆ, ಮಗು ಉಸುಕಿನ ಗುಡ್ಡೆಯ ಮೇಲೆ ಕೂತು ತಂಗಿಯನ್ನು ಕಾಯುತ್ತದೆ.

ಇಲ್ಲಿ ತಾರ್ಕಿಕರಿಗೆ ಒಂದು ಕಗ್ಗಂಟು. ಊರ ಹಾಜರಿಯಲ್ಲಿ ಈ ಮಗು ಗೈರು. ಬೆಂಗಳೂರಿನಲ್ಲಿ ಅದು ಕಣ್ಣೆದುರೇ ಇದೆ, ಆದರೆ ಅಲ್ಲಿನ ಯಾವ ಹಾಜರಿಯಲ್ಲೂ ಹೆಸರಿಲ್ಲ. ಹೆಸರಿರುವಲ್ಲಿ ಮಗು ಇಲ್ಲ, ಮಗುವಿರುವಲ್ಲಿ ಹೆಸರಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಯಿಂದ ಹೊರಹಾಕಬಾರದು ಎನ್ನುತ್ತದೆ. ಯಾರೂ ಹೊರಹಾಕಿಲ್ಲ, ಹೆಸರು ಭದ್ರವಾಗಿ ಕೂತಿದೆ. ನಲಿಕಲಿಯವರು ಇಂಥ ಮಕ್ಕಳ ಬಗ್ಗೆ ಮೊದಲೇ ಯೋಚಿಸಿದ್ದರೆಂದು ಒಪ್ಪಿಕೊಳ್ಳಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಕಲಿಕೆಯೆಂದರೆ ಒಂದು ಏಣಿ. ಮಗು ಎಷ್ಟು ದಿನ ಬಿಟ್ಟು ಬಂದರೂ ತಾನು ಇಳಿದ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದು. ಯುಗಾದಿಗೆ ತಿರುಗಿ ಬಂದ ಒಬ್ಬ ಹಾಗೆಯೇ ತನ್ನ ಮೆಟ್ಟಿಲು ಹುಡುಕಿಕೊಂಡು ಹೋದ. ಅಲ್ಲಿ ಅವನ ತಮ್ಮ ಕೂತಿದ್ದ. ಅಣ್ಣನಿಗೇನೂ ಬೇಸರವಾದಂತೆ ಕಾಣಲಿಲ್ಲ. ‘ಬೆಂಗಳೂರಾಗ ಇಪ್ಪತ್ತ ಮಾಳಗಿ ಏರೀನ್ರಿ ಸರ್, ಲಿಫ್ಟಿನ್ಯಾಗ’ ಎಂದು ನನಗೆ ಹೇಳಿದ. ಇಲಾಖೆಯ ಏಣಿಯಲ್ಲಿ ಆ ಇಪ್ಪತ್ತಕ್ಕೆ ಜಾಗವಿಲ್ಲ.

ನ್ಯಾಯಶಾಸ್ತ್ರ ಇಲ್ಲಿಗೆ ನಿಲ್ಲುತ್ತದೆ. ಆದರೆ ನಮ್ಮ ಶಾಲೆಯಲ್ಲಿ ಅದಕ್ಕೆ ಹೊಳೆಯದ ಐದನೆಯದೊಂದು ಕಂಡುಬಂದಿದೆ. ಅದು ಅಭಾವವಲ್ಲ, ತದ್ವಿರುದ್ಧ: ಹೆಸರಿಲ್ಲದೆ ಹಾಜರಿರುವುದು. ಇದಕ್ಕೆ ‘ಅತಿಭಾವ’ ಎಂದು ನಾಮಕರಣ ಮಾಡಿದ್ದೇನೆ. ವಿದ್ವತ್ ಮಂಡಳಿ ತಿದ್ದಬಹುದು.

ನಾಲ್ಕನೇ ತರಗತಿಯ ಒಬ್ಬ ಹುಡುಗಿ ದಿನವೂ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾಳೆ. ಅವನಿಗೆ ಶರ್ಟಿದೆ, ಚಡ್ಡಿಯಿಲ್ಲ. ಅವ್ವ ಹೊಲಕ್ಕೆ ಹೋಗಿರುತ್ತಾಳೆ. ತಮ್ಮ ಮನೆಯಲ್ಲಿ ಉಳಿದರೆ ಅಕ್ಕನೂ ಉಳಿಯಬೇಕು. ತಮ್ಮ ಬಂದರೆ ಅಕ್ಕನ ಹಾಜರಿ ಬೀಳುತ್ತದೆ. ನಾನು ಕಂಡ ದಿನ ಅವನು ನಲಿಕಲಿಯ ದುಂಡು ಮೇಜಿನ ಕೆಳಗೆ ಕೂತು ಒಂದು ಕಾರ್ಡಿನ ಮೂಲೆಯನ್ನು ಜಗಿದು ಮೆತ್ತಗೆ ಮಾಡುತ್ತಿದ್ದ. ಅಕ್ಕ ಬಲಗೈಯಿಂದ ಪಾಟಿಯ ಮೇಲೆ ಏಳರ ಮಗ್ಗಿ ಬರೆಯುತ್ತ, ಎಡಗಾಲಿನ ಹೆಬ್ಬೆರಳಿನಿಂದ ಅವನ ಶರ್ಟಿನ ಚುಂಗನ್ನು ಒತ್ತಿ ಹಿಡಿದಿದ್ದಳು. ಏಳೆಂಟಲ ಐವತ್ತಾರಕ್ಕೆ ಬಂದಾಗ ಅವನು ಎದ್ದ, ಹೆಬ್ಬೆರಳು ಬಿಗಿಯಾಯಿತು, ಅವನು ಕೂತ, ಐವತ್ತಾರು ಸರಿಯಾಗಿಯೇ ಬಿತ್ತು. ಮಾಸ್ತರರು ಇವನನ್ನು ನೋಡುವುದೂ ಇಲ್ಲ, ಕಳಿಸುವುದೂ ಇಲ್ಲ. ‘ನೋಡಿದ್ರ ರಿಪೋರ್ಟ್ ಮಾಡ್ಬೇಕಾಗ್ತದ್ರಿ’ ಎಂದರು. ಊಟದಲ್ಲಿ ಅಕ್ಕ ತತ್ತಿಯ ಬಿಳಿಯನ್ನು ತಾನು ತಿಂದು, ಹಳದಿಯನ್ನು ಅನ್ನದಲ್ಲಿ ಕಿವುಚಿ ಅವನ ಬಾಯಿಗಿಟ್ಟಳು. ಗದಗಿನ ವಿದ್ವಾಂಸರು ಒಬ್ಬಳ ತತ್ತಿಯಿಂದ ಇಬ್ಬರು ಎಷ್ಟೆಷ್ಟು ಬೆಳೆಯುತ್ತಾರೆಂಬುದನ್ನೂ ಒಮ್ಮೆ ತೂಗಿದರೆ ಒಳ್ಳೆಯದಿತ್ತು.

ಗುರುಗಳ ಗೈರುಹಾಜರಿ ಎಂಬ ಉತ್ತರಭಾಗವನ್ನು ಬರೆಯಲು ಹೊರಟು ಕೈಬಿಟ್ಟೆ. ಅದು ಬೇರೆಯೇ ಸಂಪುಟವಾಗುತ್ತದೆ. ಮೀಟಿಂಗು, ತರಬೇತಿ, ಮತದಾರರ ಪಟ್ಟಿ, ತತ್ತಿಯ ಲೆಕ್ಕ. 2025ರಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿದರು. ಎಣಿಕೆ ಮುಗಿಯಲಿಲ್ಲವೆಂದು ದಸರಾ ಸೂಟಿಯನ್ನು ಅಕ್ಟೋಬರ್ 18ರ ತನಕ ಎಳೆದರು. ಜನರ ಶೈಕ್ಷಣಿಕ ಸ್ಥಿತಿ ತಿಳಿಯಲು ಶಾಲೆಗೆ ಬೀಗ ಹಾಕುವ ಈ ವಿಧಾನ ಸಂಶೋಧನಾ ಶಾಸ್ತ್ರಕ್ಕೆ ಕರ್ನಾಟಕದ ಸ್ವಂತ ಕೊಡುಗೆ.

ನನ್ನ ಕ್ಷೇತ್ರಕಾರ್ಯವೂ ಇಂಥದೇ ಒಂದು ಮೀಟಿಂಗಿನಿಂದ ಕೆಟ್ಟಿತು. ಅಕ್ಕೋರು ರಜೆಯಲ್ಲಿದ್ದರು. ಮಾಸ್ತರರು ಬೈಕ್ ಚಾಲೂ ಮಾಡಿ, ‘ಹ್ಯಾಂಗೂ ಹಾಜರಿ ಮ್ಯಾಲೇ ಬರೀಲಾಕ್ಹತ್ತೀರಿ, ಇವತ್ತೊಂದಿನ ನೀವೇ ಕರೀರಿ ಸರ್, ನಾ ಸುರಪುರಕ್ಕ ಹೋಗಿ ಬಂದೇಬಿಡ್ತೀನಿ’ ಎಂದು ಪುಸ್ತಕ ಕೈಗಿಟ್ಟು ಹೋದರು. ನಾನು ಹೆಸರು ಕರೆದೆ. ಬಾರದವರ ಹೆಸರು ಬಂದಾಗಲೆಲ್ಲ ಕೋಣೆಯೇ ಒಟ್ಟಾಗಿ ಉತ್ತರ ಕೊಟ್ಟಿತು. ‘ಅಂವ ಪುಣೇಕ ಹೋಗ್ಯಾನ್ರಿ.’ ‘ಅಕಿ ಮೆಣಸಿನಕಾಯಿ ಹರಿಯಾಕ್ರಿ.’ ‘ಅಂವಗ ಜ್ವರ ಬಂದಾವ್ರಿ.’ ‘ಜ್ವರ ಇಲ್ರಿ ಸರ್, ಗಾಡ್ಯಾಗ ಕುಂತಿದ್ದ, ನಾ ನೋಡೀನಿ.’ ಪುಸ್ತಕದಲ್ಲಿ ಇದನ್ನೆಲ್ಲ ಬರೆಯುವಷ್ಟು ಜಾಗವಿರಲಿಲ್ಲ. ಎಲ್ಲಕ್ಕೂ ಒಂದೇ ಕೆಂಪು ಗುರುತು ಹಾಕಿದೆ.

ಮಧ್ಯಾಹ್ನ ಪಂಕ್ತಿಯ ಕೊನೆಯಲ್ಲಿ ನಾನೂ ಒಂದು ಗಂಗಾಳ ಹಿಡಿದು ಕೂತೆ. ಅಡುಗೆ ಅಕ್ಕ ಅನ್ನ ಹಾಕಿದಳು, ಸಾರು ಸುರಿದಳು, ತತ್ತಿಯ ಬುಟ್ಟಿಯನ್ನು ಮಾತ್ರ ನನ್ನನ್ನು ದಾಟಿಸಿಕೊಂಡು ಮುಂದೆ ಹೋದಳು. ನಾನು ತಲೆ ಎತ್ತಿ ನೋಡಿದೆ.

‘ಹಾಜರ್ಯಾಗ ನಿಮ್ ಹೆಸರಿಲ್ರಿ ಸರ್’ ಎಂದಳು. ‘ಅನ್ನ ಬೇಕಾದಷ್ಟು ಉಣ್ರಿ.’