ಹನ್ನೊಂದನೆಯವನನ್ನು ‘ರ‍್ಯಾಬಿಟ್’ ಎನ್ನುವ ಕಾಮೆಂಟೇಟರ್‌ಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಒಂಬತ್ತನೇ ವಿಕೆಟ್ ಬಿದ್ದು, ಕೊನೆಯ ಆಟಗಾರ ಗ್ಲೌಸ್ ಎಳೆದುಕೊಳ್ಳುತ್ತ ಮೆಟ್ಟಿಲಿಳಿದು ಬರುವಾಗ ನಿಮ್ಮ ದನಿಗೆ ಒಂದು ನಗು ಸೇರಿಕೊಳ್ಳುತ್ತದೆ. ಅವನ ಹೆಸರಿಗಿಂತ ಮುಂಚೆ ‘ರ‍್ಯಾಬಿಟ್’ ಎಂಬ ಮಾತು ಬರುತ್ತದೆ. ಅವನಿಗಿಂತಲೂ ಕಚ್ಚಾ ಬ್ಯಾಟ್ಸ್‌ಮನ್ ಇದ್ದರೆ ಅವನು ‘ಫೆರೆಟ್’: ಮೊಲಗಳಾದ ಮೇಲೆ ಒಳಕ್ಕೆ ಹೋಗುವವನು. ನಿಮ್ಮಲ್ಲಿ ಹಲವರು ಕರ್ನಾಟಕದವರು, ಇಲ್ಲಿನ ಲೀಗ್ ಪಂದ್ಯಗಳಲ್ಲಿ ಆಡಿ ಬೆಳೆದವರು. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಆ ಮಾತನ್ನು ಕೈಬಿಡಿ. ಯಾಕೆ ಬಿಡಬೇಕು ಎಂಬುದನ್ನು ಸ್ವಲ್ಪ ಸಾವಧಾನವಾಗಿ ಕೇಳಿ.

ಮೊದಲು ನಮ್ಮ ಮೈಸೂರಿನವರಿಂದಲೇ ಶುರು ಮಾಡುತ್ತೇನೆ. ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್ ಆಡಿದರು. ಹೊಡೆದ ರನ್ 167, ಕಿತ್ತ ವಿಕೆಟ್ 242. ರನ್ನಿಗಿಂತ ವಿಕೆಟ್ ಹೆಚ್ಚು ಎಂಬ ಈ ಲೆಕ್ಕವನ್ನು ನೀವು ದಶಕಗಳಿಂದ ತಮಾಷೆಯಾಗಿ ಹೇಳುತ್ತ ಬಂದಿದ್ದೀರಿ. ಅದೇ ಲೆಕ್ಕವನ್ನು ಹಿಂದುಮುಂದಾಗಿ ಓದಿ ನೋಡಿ. ಚಿಕ್ಕಂದಿನಲ್ಲೇ ಪೋಲಿಯೊ ಬಡಿದು ಸೊರಗಿದ ಬಲಗೈ ಅವರದು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಸೆಯುತ್ತಿದ್ದದ್ದು ಎಡಗೈಯಲ್ಲಿ, ಬೌಲ್ ಮಾಡುತ್ತಿದ್ದದ್ದು ಆ ಸೊರಗಿದ ಬಲಗೈಯಲ್ಲಿ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಅದೇ ಕೈ 38 ರನ್ನಿಗೆ ಆರು ವಿಕೆಟ್ ಕಿತ್ತಿತು. ಇಂಗ್ಲೆಂಡ್ 101ಕ್ಕೆ ಆಲೌಟ್ ಆಯಿತು. ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊಟ್ಟಮೊದಲ ಟೆಸ್ಟ್ ಅದು. 1977–78ರ ಮೆಲ್ಬರ್ನ್‌ನಲ್ಲಿ ಎರಡೂ ಇನ್ನಿಂಗ್ಸ್‌ನಲ್ಲಿ 52 ರನ್ನಿಗೆ ಆರಾರು ವಿಕೆಟ್. ಆಸ್ಟ್ರೇಲಿಯಾದಲ್ಲಿ ನಾವು ಗೆದ್ದ ಮೊದಲ ಟೆಸ್ಟ್ ಅದು. ಆ ಪ್ರವಾಸದಲ್ಲಿ ಅವರಿಗೆ ಸಿಕ್ಕ ಕಾಣಿಕೆಗಳಲ್ಲಿ ನಡುವೆ ತೂತು ಕೊರೆದ ಒಂದು ಬ್ಯಾಟ್ ಕೂಡ ಇತ್ತು, ಸಾಲು ಸೊನ್ನೆಗಳ ನೆನಪಿಗೆ ಅಂತ ಕೊಟ್ಟದ್ದು. ಚಂದ್ರಶೇಖರ್ ದೊಡ್ಡ ಮನುಷ್ಯರು, ನಕ್ಕು ತೆಗೆದುಕೊಂಡಿರಬಹುದು. ನನಗೆ ಮಾತ್ರ ಇವತ್ತಿಗೂ ಅದನ್ನು ಓದಿದರೆ ಸಂಕಟವಾಗುತ್ತದೆ.

1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ ಬೆಂಕಿಯ ಹಾಗೆ ಬೌಲ್ ಮಾಡುತ್ತಿದ್ದಾಗ ಗುಂಡಪ್ಪ ವಿಶ್ವನಾಥ್ ಹೊಡೆದ ಅಜೇಯ 97ನ್ನು ನೀವೇ ನೂರು ಸಲ ಕೊಂಡಾಡಿದ್ದೀರಿ. ತಂಡದ ಮೊತ್ತ 190, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಶಿಯವರದೇ. ಕೊನೆಯ ಕ್ರಮಾಂಕದ ಬೇಡಿ, ಚಂದ್ರಶೇಖರ್ ಇನ್ನೊಂದು ತುದಿಯಲ್ಲಿ ಮೈಮೇಲೆ ಬರುವ ಚೆಂಡಿಗೆ ಎದೆಕೊಟ್ಟು ನಿಲ್ಲದೆ ಹೋಗಿದ್ದರೆ ಆ 97 ಎಲ್ಲಿಂದ ಬರುತ್ತಿತ್ತು? ನಮ್ಮ ಪತ್ರಿಕೆಗಳು ಇಂಥವರನ್ನು ‘ಬಾಲಂಗೋಚಿ’ ಎಂದು ಬರೆಯುತ್ತವೆ. ಗಾಳಿಪಟ ಹಾರಿಸಿದ ಯಾವ ಹುಡುಗನನ್ನಾದರೂ ಕೇಳಿ, ಬಾಲಂಗೋಚಿ ಕಿತ್ತುಹೋದರೆ ಪಟ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ.

ಇನ್ನು ‘ಬನ್ನಿ’ ಎಂಬ ಮಾತು. ಒಬ್ಬ ಬೌಲರ್‌ಗೆ ಪದೇ ಪದೇ ಔಟಾದ ಬ್ಯಾಟ್ಸ್‌ಮನ್ ಅವನ ‘ಬನ್ನಿ’, ಅಂದರೆ ಅವನು ಸಾಕಿದ ಮೊಲದ ಮರಿ. ಮೈಕ್ ಆಥರ್ಟನ್ ಗ್ಲೆನ್ ಮೆಕ್‌ಗ್ರಾಗೆ 19 ಸಲ ಔಟಾದರು, ನಿಜ. ಔಟಾಗಬೇಕಾದರೆ ಪ್ರತಿ ಸಲವೂ ಹೊಸ ಚೆಂಡಿನ ಎದುರು ಹೋಗಿ ನಿಂತಿರಬೇಕಲ್ಲ! ಟೆಸ್ಟ್‌ನಲ್ಲಿ ಏಳು ಸಾವಿರಕ್ಕೂ ಮಿಕ್ಕಿ ರನ್ ಗಳಿಸಿದವರು, 1995ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ಕ್ರೀಸ್ ಬಿಡದೆ 185 ಮಾಡಿ ಸೋಲುವ ಪಂದ್ಯ ಉಳಿಸಿದವರು ಅವರು. ಹಾಗೆ ನಿಲ್ಲಬಲ್ಲವರನ್ನು ಮರಿಮೊಲ ಎನ್ನಲು ನಾಲಿಗೆಯಾದರೂ ಹೇಗೆ ಬರುತ್ತದೆ?

ಹೀಗೆ ಬೈಗುಳವಾದ ಮೊಲದ ಕಥೆಯನ್ನೂ ಸ್ವಲ್ಪ ಕೇಳಿ. ಈ ಪ್ರಾಣಿ ಇಂಗ್ಲಿಷರ ನೆಲದಲ್ಲಿ ಹುಟ್ಟಿದ್ದಲ್ಲ. ಮಾಂಸಕ್ಕೆ, ತುಪ್ಪುಳಿಗೆ ಅಂತ ನಾರ್ಮನ್ನರು ತಂದು ಸಾಕಿದ್ದು. ಅಲ್ಲಿನ ಗಟ್ಟಿ ಮಣ್ಣನ್ನು ತೋಡಿಕೊಳ್ಳುವುದು ಅದಕ್ಕೆ ಕಷ್ಟವಾಗುತ್ತದೆಂದು ಸಡಿಲ ಮಣ್ಣು ಪೇರಿಸಿ ಉದ್ದುದ್ದ ದಿಬ್ಬ ಕಟ್ಟಿಕೊಡುತ್ತಿದ್ದರು. ಡಾರ್ಟ್‌ಮೂರ್ ಬಯಲಲ್ಲಿ ಆ ದಿಬ್ಬಗಳು ಈಗಲೂ ಕಾಣುತ್ತವೆ. ಕಾಯುವುದಕ್ಕೆ ಆಳು, ಕದ್ದವರಿಗೆ ಶಿಕ್ಷೆ. ಉಳ್ಳವರ ಊಟದೆಲೆಗೆ ಬರುತ್ತಿದ್ದ ಪದಾರ್ಥ ಅದು. ಆಗ ದೊಡ್ಡ ಮೊಲಕ್ಕೆ ‘ಕೋನಿ’ ಎಂಬ ಹೆಸರಿತ್ತು, ಮರಿಗೆ ಮಾತ್ರ ‘ರ‍್ಯಾಬಿಟ್’. ಕೋನಿಯ ಹಳೆಯ ಉಚ್ಚಾರಣೆ ಒಂದು ಅಶ್ಲೀಲ ಪದಕ್ಕೆ ತೀರ ಹತ್ತಿರವಾಗಿತ್ತು. ಮರ್ಯಾದಸ್ಥರು ಬಾಯಿಬಿಟ್ಟು ಹೇಳಲು ಹಿಂಜರಿದು, ಮರಿಯ ಹೆಸರನ್ನೇ ಇಡೀ ಕುಲಕ್ಕೆ ಹಬ್ಬಿಸಿದರು. ಬೆಳೆದ ಪ್ರಾಣಿಗೂ ಮಗುವಿನ ಹೆಸರೇ ನಿಂತಿತು. ಎಳಸು, ಅಂಜುಬುರುಕ, ಕೈಲಾಗದವ ಎಂಬ ಅರ್ಥಗಳೆಲ್ಲ ಆ ಹೆಸರಿಗೆ ಸಲೀಸಾಗಿ ಅಂಟಿಕೊಂಡವು.

ಮುಂಗುಸಿಯನ್ನು ಹೋಲುವ ಫೆರೆಟನ್ನು ಬಿಲದೊಳಕ್ಕೆ ಬಿಟ್ಟು, ಎಲ್ಲ ಬಾಯಿಗಳಿಗೂ ಬಲೆ ಹಾಸಿ, ಗಾಬರಿಯಿಂದ ಹೊರಕ್ಕೆ ಚಿಮ್ಮುವ ಮೊಲವನ್ನು ಹಿಡಿಯುವುದು ಅಲ್ಲಿನ ಹಳೆಯ ಕಸುಬು. ಹಿಡಿದದ್ದರ ಹಿಂಗಾಲು ಎತ್ತಿ ಕತ್ತಿನ ಹಿಂಭಾಗಕ್ಕೆ ಅಂಗೈಯ ಅಂಚಿನಿಂದ ಒಂದು ಏಟು. ಬಾಕ್ಸಿಂಗ್‌ನಲ್ಲಿ ಅಂಥ ಏಟಿಗೆ ‘ರ‍್ಯಾಬಿಟ್ ಪಂಚ್’ ಎನ್ನುತ್ತಾರೆ. ಬೆನ್ನುಹುರಿಗೆ ಅಪಾಯ ಎಂದು ಅಲ್ಲಿ ಅದು ನಿಷಿದ್ಧ. ಲಂಡನ್ನಿನ ಕಾಕ್ನಿಗಳ ಪ್ರಾಸದ ಆಡುನುಡಿಯಲ್ಲಿ ‘ರ‍್ಯಾಬಿಟ್ ಆ್ಯಂಡ್ ಪೋರ್ಕ್’ ಅಂದರೆ ಟಾಕ್, ಹಾಗಾಗಿ ಬಿಡುವಿಲ್ಲದೆ ವಟಗುಟ್ಟುವುದು ‘ರ‍್ಯಾಬಿಟ್’ ಮಾಡುವುದು. ಇಡೀ ಬದುಕನ್ನು ಹೆಚ್ಚುಕಡಿಮೆ ಸದ್ದಿಲ್ಲದೆ ಕಳೆಯುವ ಪ್ರಾಣಿ ಅದು. ಹಿಡಿದು ಕೊಲ್ಲುವಾಗ ಮಾತ್ರ ಚೀರುತ್ತದೆ. ಕಾರಿನ ಬೆಳಕಿಗೆ ಕಕ್ಕಾಬಿಕ್ಕಿಯಾಗಿ ನಿಂತ ಮೊಲ ಎಂದು ಮಾತು ತೋಚದವರನ್ನು ಆಡಿಕೊಳ್ಳುತ್ತಾರೆ. ಹದ್ದಿನ ಕಣ್ಣಿಗೆ, ನರಿಯ ಕಣ್ಣಿಗೆ ಬೀಳದಿರಲು ಅಲುಗಾಡದೆ ನಿಲ್ಲುವುದು ಅದರ ರಕ್ಷಣೆಯ ಉಪಾಯ. ಕಾರು ಬಂದದ್ದು ನಿನ್ನೆ ಮೊನ್ನೆ. ‘ಮೊಲದ ಹಾಗೆ ಹೆರುವುದು’ ಎಂಬ ಬೈಗುಳವೂ ಇದೆ. 1859ರಲ್ಲಿ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಮೊಲ ತರಿಸಿ ಆಸ್ಟ್ರೇಲಿಯಾದ ತನ್ನ ಜಮೀನಿನಲ್ಲಿ ಬಿಟ್ಟವನು ಥಾಮಸ್ ಆಸ್ಟಿನ್. ಕಾಡು ಮೇಡು ಹಾಳಾದಾಗ ದೋಷ ಮೊಲದ ತಲೆಗೆ ಬಂತು. 1950ರಲ್ಲಿ ಮಿಕ್ಸೊಮಟೋಸಿಸ್ ರೋಗವನ್ನು ಬೇಕೆಂದೇ ಹಬ್ಬಿಸಿ ಕೋಟಿಗಟ್ಟಲೆ ಮೊಲಗಳನ್ನು ಕೊಂದರು.

ಇಂಗ್ಲಿಷಿನಲ್ಲಿ ಇನ್ನೊಂದು ನುಡಿಗಟ್ಟಿದೆ: ‘ಮೊಲ ಸತ್ತಿತು’. ಹಳೆಯ ಅಮೆರಿಕನ್ ಸಿನಿಮಾಗಳಲ್ಲಿ ಇದರ ಅರ್ಥ, ಅವಳು ಗರ್ಭಿಣಿ ಎಂದು. 1931ರಲ್ಲಿ ಮಾರಿಸ್ ಫ್ರೀಡ್‌ಮನ್ ಮತ್ತು ಮ್ಯಾಕ್ಸ್‌ವೆಲ್ ಲ್ಯಾಪಮ್ ರೂಪಿಸಿದ ಪರೀಕ್ಷೆಯಿಂದ ಬಂದದ್ದು. ಹೆಂಗಸಿನ ಮೂತ್ರವನ್ನು ಹೆಣ್ಣುಮೊಲದ ಕಿವಿಯಂಚಿನ ತೆಳು ರಕ್ತನಾಳಕ್ಕೆ ಸೂಜಿಯಲ್ಲಿ ಹಾಕುತ್ತಿದ್ದರು. ಎರಡು ದಿನ ಬಿಟ್ಟು ಹೊಟ್ಟೆ ಕೊಯ್ದು ಅಂಡಾಶಯ ನೋಡುತ್ತಿದ್ದರು. ಅಲ್ಲಿ ಕೆಂಪು ಚುಕ್ಕೆಗಳು ಎದ್ದಿದ್ದರೆ ಬಸುರಿ, ಇಲ್ಲದಿದ್ದರೆ ಇಲ್ಲ. ನುಡಿಗಟ್ಟು ಹೇಳುವುದು ಸುಳ್ಳು. ಉತ್ತರ ಹೌದಾಗಲಿ, ಅಲ್ಲವಾಗಲಿ, ಮೊಲ ಸಾಯುತ್ತಲೇ ಇತ್ತು. ಎಷ್ಟೋ ಮನೆಗಳಿಗೆ ಮಗು ಬರುವ ಸುದ್ದಿಯನ್ನು ಮೊದಲು ತಿಳಿಸಿದ್ದು ಆ ಮೊಲ.

ನಾಯಿ ಕಚ್ಚಿದವರನ್ನು ಸಾವಿನಿಂದ ಎಳೆದು ತಂದದ್ದೂ ಅದೇ. ಲೂಯಿ ಪಾಶ್ಚರ್ ರೇಬಿಸ್ ಸೋಂಕನ್ನು ಮೊಲದಿಂದ ಮೊಲಕ್ಕೆ ದಾಟಿಸಿ, ಸತ್ತವುಗಳ ಬೆನ್ನುಹುರಿಯನ್ನು ಬಾಟಲಿಯೊಳಗೆ ತೂಗುಹಾಕಿ ದಿನಗಟ್ಟಲೆ ಒಣಗಿಸಿ ಸೋಂಕಿನ ಬಲ ಕುಗ್ಗಿಸಿದರು. 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ನ ಮೈಗೆ ಹೋದದ್ದು ಆ ಒಣಗಿದ ಹುರಿಯ ಸತ್ವ. ಹುಡುಗ ಬದುಕಿದ. ಹುಚ್ಚುನಾಯಿಯ ಹೆಸರು ಕೇಳಿದರೆ ಇಡೀ ಊರೇ ನಡುಗುತ್ತಿದ್ದ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಇದರ ಬೆಲೆ ಗೊತ್ತು.

ನಮ್ಮ ಕಾಡಿನ ಮೊಲ ಬೇರೆ ಜಾತಿಯದು, ಇಂಗ್ಲಿಷಿನವರು ‘ಹೇರ್’ ಎನ್ನುವುದು. ಬಿಲ ತೋಡದು. ಅದರ ಮರಿಗಳು ಕಣ್ಣುಬಿಟ್ಟುಕೊಂಡೇ ಹುಟ್ಟುತ್ತವೆ. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡವಿದ್ದು ಅದು. ವಿಜಯನಗರ ಕಟ್ಟಿದ ಜಾಗದಲ್ಲಿ ಬೇಟೆನಾಯಿಗಳ ಮೇಲೆ ತಿರುಗಿಬಿದ್ದದ್ದೂ ಅದೇ ಎಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಈ ಕಥೆಗಳನ್ನು ಕೇಳಿ ಬೆಳೆದ ನಿಮಗೆ ಮೊಲವೆಂದರೆ ಹೇಡಿ ಎಂಬ ಅರ್ಥವನ್ನು ಎರವಲು ತರುವ ದರ್ದು ಏನಿತ್ತು?

ಓಟದ ಮೈದಾನದಲ್ಲೂ ‘ರ‍್ಯಾಬಿಟ್’ ಇದ್ದಾನೆ. ದಾಖಲೆ ಮುರಿಯಬೇಕಾದವನ ಮುಂದೆ ಓಡಿ, ಗಾಳಿಯನ್ನು ಎದೆಗೊಟ್ಟು ತಡೆದು, ವೇಗ ಕಾಯ್ದುಕೊಟ್ಟು, ಅರ್ಧ ಓಟಕ್ಕೆ ಪಕ್ಕಕ್ಕೆ ಸರಿಯುವವನು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗ ಮೊದಲ ಸುತ್ತುಗಳಲ್ಲಿ ಮುಂದಿದ್ದವರು ಕ್ರಿಸ್ ಬ್ರಾಷರ್, ಆಮೇಲೆ ಕ್ರಿಸ್ ಚಾಟವೇ. ಬ್ಯಾನಿಸ್ಟರ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಉಳಿದಿಬ್ಬರದು?

1981ರ ಓಸ್ಲೊ. 1500 ಮೀಟರ್ ಓಟ. ಒಲಿಂಪಿಕ್ ಚಾಂಪಿಯನ್ ಸ್ಟೀವ್ ಓವೆಟ್ ಓಟದಲ್ಲಿದ್ದರು. ಅಮೆರಿಕದ ಟಾಮ್ ಬಯರ್ಸ್ ರ‍್ಯಾಬಿಟ್. ಶುರುವಿನಿಂದಲೇ ಅವರು ಬಹಳ ಮುಂದೆ ಹೋದರು. ಹೇಗಿದ್ದರೂ ಇಳಿದುಹೋಗುವವನು ಎಂದು ಹಿಂದಿದ್ದ ಗುಂಪು ತಲೆಕೆಡಿಸಿಕೊಳ್ಳಲಿಲ್ಲ. ಕೊನೆಯ ಸುತ್ತಿನ ಗಂಟೆ ಬಡಿಯಿತು, ಬಯರ್ಸ್ ಇಳಿಯಲಿಲ್ಲ. ಓವೆಟ್ ಮೈಯೆಲ್ಲ ಕಾಲಾಗಿ ಅಟ್ಟಿಸಿಕೊಂಡು ಬಂದರೂ ಅರ್ಧ ಸೆಕೆಂಡಿನಷ್ಟು ಕಡಿಮೆ ಬಿತ್ತು. 1994ರ ಲಾಸ್ ಏಂಜಲೀಸ್ ಮ್ಯಾರಥಾನ್‌ನಲ್ಲೂ ಅಷ್ಟೇ. ವೇಗ ಕಾಯಲೆಂದು ಗೊತ್ತುಮಾಡಿದ್ದ ಪಾಲ್ ಪಿಲ್ಕಿಂಗ್ಟನ್ ಕೊನೆಯವರೆಗೂ ಓಡಿ ಗೆದ್ದರು. ಎರಡನೆಯವರಾಗಿ ಬಂದ ಇಟಲಿಯ ಓಟಗಾರ ಗೆದ್ದದ್ದು ತಾನೇ ಎಂದುಕೊಂಡಿದ್ದರು. ಮುಂದೆ ಓಡುವವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲವಲ್ಲ.

ಈ ಹೆಸರು ಸಿಕ್ಕಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ನನಗೆ ಹೇಡಿಗಳು ಕಾಣುವುದಿಲ್ಲ. ಇನ್ನೊಬ್ಬರ ಗೆಲುವಿಗೆ ಮೈ ಸವೆಸಿದವರು ಕಾಣುತ್ತಾರೆ. ಹನ್ನೊಂದನೆಯವನು ಬೆಳಿಗ್ಗೆಯಿಂದ ಬಿಸಿಲಲ್ಲಿ ಇಪ್ಪತ್ತು ಓವರ್ ಎಸೆದು, ಬೆರಳು ಸುಲಿದುಕೊಂಡು, ತನ್ನದಲ್ಲದ ಕೆಲಸಕ್ಕೆ ಪ್ಯಾಡ್ ಕಟ್ಟಿಕೊಂಡು ಬರುತ್ತಾನೆ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡು ಅವನ ಪಕ್ಕೆಲುಬಿಗೂ ಅಷ್ಟೇ ಜೋರಾಗಿ ತಗಲುತ್ತದೆ. ಅದನ್ನು ತಡೆಯುವ ಕೌಶಲ ಮಾತ್ರ ಅವನಲ್ಲಿ ಇತರರಷ್ಟು ಇಲ್ಲ. ಆದರೂ ಬರುತ್ತಾನೆ.

ನ್ಯೂಜಿಲೆಂಡಿನ ಕ್ರಿಸ್ ಮಾರ್ಟಿನ್ 71 ಟೆಸ್ಟ್‌ಗಳಲ್ಲಿ ಹೊಡೆದದ್ದು 123 ರನ್, ಕಿತ್ತದ್ದು 233 ವಿಕೆಟ್. ಇನ್ನು ಮುಂದೆ ಇಂಥವರು ಕ್ರೀಸಿಗೆ ಬರುವಾಗ ತೆರೆಯ ಮೇಲೆ ಬ್ಯಾಟಿಂಗ್ ಸರಾಸರಿ ತೋರಿಸಿ ನಗುವ ಬದಲು ಎರಡನೆಯ ಅಂಕಿಯನ್ನು ಮೊದಲು ಓದಿ. ಆ ಪಂದ್ಯದಲ್ಲಿ ಅವನು ಎಷ್ಟು ಓವರ್ ಎಸೆದ, ಯಾರನ್ನು ಔಟ್ ಮಾಡಿದ ಎಂದು ಹೇಳಿ. ಅವನು ಗಾರ್ಡ್ ತೆಗೆದುಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಮಾತು ಇದು. ಅಷ್ಟು ಮಾಡಿದರೆ ಸಾಕು.

ಇಂತಿ,
ನಿಮ್ಮ ಮಾತನ್ನು ತಪ್ಪದೆ ಕೇಳುವ ಒಬ್ಬ ಕ್ರಿಕೆಟ್ ಪ್ರೇಮಿ