ಲಿಲಾವ ಮೀಮಾಂಸೆ: ಒಂದು ಒಡೆದ ಪ್ಲೇಟಿನ ಆಧಾರದಿಂದ

ಧಾರವಾಡದಲ್ಲಿ ಯಾವ ವಿಷಯದ ಮೇಲೆ ಬರೆದರೂ ಮೊದಲು ಶಬ್ದದ ಮೂಲ ಹಿಡಿಯಬೇಕು. ಇಲ್ಲದಿದ್ದರೆ ಸಪ್ತಾಪುರದಿಂದ ಮಾಳಮಡ್ಡಿಯವರೆಗೆ ಯಾರೂ ಅದನ್ನು ಪ್ರಬಂಧ ಅನ್ನುವುದಿಲ್ಲ. ಆದಕಾರಣ ಮೂಲದಿಂದಲೇ ಆರಂಭ. ನಮ್ಮ ಭಾಗದಲ್ಲಿ ಈ ವ್ಯವಹಾರಕ್ಕೆ ಮೂರು ಶಬ್ದಗಳಿವೆ. ‘ಸವಾಲು’ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಪ್ರಶ್ನೆ ಎಂದರ್ಥ. ‘ಹರಾಜು’ ಕೂಡ ಅದೇ ದಾರಿ ಹಿಡಿದು ಬಂದು, ಕನ್ನಡದಲ್ಲಿ ನೆಲೆಸಿದ ಮೇಲೆ ಸಾಮಾನಿಗಿಂತ ಮರ್ಯಾದೆಗೇ ಹೆಚ್ಚು ಅಂಟಿಕೊಂಡಿತು. ಮೂರನೆಯದಾದ ‘ಲಿಲಾವು’ ಪೋರ್ಚುಗೀಸರ ‘ಲೈಲಾಂವ್’. ಗೋವೆಯಲ್ಲಿ ಹಡಗಿನಿಂದ ಇಳಿದು, ಮರಾಠಿಯವರ ಮನೆಯಲ್ಲಿ ಕೆಲಕಾಲ ತಂಗಿ, ನಮ್ಮಲ್ಲಿಗೆ ಬಂತು. ಅದು ‘ಲೀಲೆ’ಯಿಂದಲೇ ಹುಟ್ಟಿದ್ದು ಎಂದು ವಾದಿಸುವ ಒಂದು ಪಂಥವಿದೆ. ಪಂಥದ ಸದಸ್ಯರ ಸಂಖ್ಯೆ ಒಂದು. ಮೊಬೈಲಿನಲ್ಲಿ ಲಿಲಾವು ಹಿಡಿಯಲು ಹೋದ ಮೇಲೆ ನಾನೇ ಅದನ್ನು ಸ್ಥಾಪಿಸಿದೆ.

ಅಧ್ಯಯನದ ಆಧಾರ ಸಾಮಗ್ರಿ ಒಂದೇ: ನಿಮಿಷಕ್ಕೆ 78 ಸುತ್ತು ತಿರುಗುವ, ಹತ್ತಿಂಚಿನ, ಅರಗಿನ ಗ್ರಾಮೋಫೋನ್ ಪ್ಲೇಟು. ಸದ್ಯ ಅದು ಎರಡು ಸಾಮಗ್ರಿ. ಹೇಗಾಯಿತೆಂಬುದು ಮುಂದೆ ಬರುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, 2009ರಲ್ಲಿ ಅಲ್ಲೇ ತೀರಿಕೊಂಡ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಆಗಿನ ದನಿ ತೆಳು, ಎತ್ತರದ್ದು. ಗಂಟಲ ಚಿಕಿತ್ಸೆಯ ನಂತರದ ಆ ಗಡಸು, ಗಂಡು ದನಿಯನ್ನಷ್ಟೇ ಕೇಳಿದವರಿಗೆ ಇದು ಬೇರೆ ಯಾರೋ ಅನ್ನಿಸೀತು. ಒಂದು ಮಗ್ಗಲಿಗೆ ಮೂರು ನಿಮಿಷದ ಆ ಬೇರೆ ಯಾರೋ ನನಗೆ ಬೇಕಾಗಿದ್ದರು. ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ದೂರದ ಊರಿನವನೊಬ್ಬ ಲಿಲಾವಿಗೆ ಇಟ್ಟಿದ್ದ.

ಈಗ ಪ್ರಮಾಣ ವಿಚಾರ. ತಾರ್ಕಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣ ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ದುರ್ಗದಬೈಲಿನಲ್ಲಿ ಬದನೆಕಾಯಿ ಕೊಳ್ಳುವ ಹೆಣ್ಣುಮಗಳು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಬಳಸುತ್ತಾಳೆ. ತೊಟ್ಟು ಹಿಡಿದು ತಿರುವಿ ನೋಡುವುದು ಪ್ರತ್ಯಕ್ಷ. ಸಣ್ಣ ತೂತು ಕಂಡು ಒಳಗೆ ಹುಳ ಅದ ಅನ್ನುವುದು ಅನುಮಾನ. ‘ಹ್ವಾದ ವಾರದ್ದು ಇದಕ್ಕಿಂತ ಛಲೋ ಇತ್ತು’ ಎಂಬುದು ಉಪಮಾನ. ‘ಇವತ್ತ ಮುಂಜಾನಿ ಹರದದ್ದರೀ ಬಾಯಾರ’ ಎಂಬುದು ಶಬ್ದ. ಅಂತರ್ಜಾಲದ ಲಿಲಾವಿನಲ್ಲಿ ಮೊದಲ ಮೂರೂ ಗೈರುಹಾಜರು. ಉಳಿಯುವುದು ಶಬ್ದ, ಅದೂ ಮಾರುವವನದು, ಅದಕ್ಕೆ ನಿಘಂಟೇ ಬೇರೆ. ‘ರೇರ್’ ಅಂದರೆ ಹಿಂದೆ ಎರಡು ಸಲ ಇಟ್ಟರೂ ಯಾರೂ ಕೊಳ್ಳದ್ದು. ‘ವಿಂಟೇಜ್’ ಅಂದರೆ ಧೂಳು ಒರೆಸಿಲ್ಲ. ‘ನಾಟ್ ಟೆಸ್ಟೆಡ್’ ಅಂದರೆ ಟೆಸ್ಟ್ ಮಾಡಿ ನೋಡಿದ್ದಾನೆ.

ಕುಮಾರಿಲ ಭಟ್ಟನ ಅನುಯಾಯಿಗಳು ಇನ್ನೊಂದು ಪ್ರಮಾಣ ಒಪ್ಪುತ್ತಾರೆ, ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದೇ ತಿಳಿ, ಅಂತ. ಈ ಪ್ರಮಾಣವನ್ನು ನಂಬಿ ನಾನು ಕೆಟ್ಟೆ. ಫೋಟೋದಲ್ಲಿ ಸೀಳು ಕಾಣಲಿಲ್ಲ, ಆದ್ದರಿಂದ ಸೀಳು ಇಲ್ಲ ಎಂದುಕೊಂಡೆ. ಮಾರುವವ ಪ್ಲೇಟಿನ ಅಂಚಿಗೆ, ಸೀಳು ಎಲ್ಲಿತ್ತೋ ಸರಿಯಾಗಿ ಅಲ್ಲಿಗೇ, ಒಂದು ಗುಲಾಬಿ ಹೂವು ಇಟ್ಟು ಫೋಟೋ ತೆಗೆದಿದ್ದ. ಶೋಭೆಗೆ ಇಟ್ಟಿದ್ದಾನೆಂದು ಮನೆಯಲ್ಲಿ ತೋರಿಸಿ ಹೊಗಳಿದ್ದೆ ಬೇರೆ.

ಸವಾಲು 400 ರೂಪಾಯಿಗೆ ಶುರುವಾಯಿತು, ಅವಧಿ ಏಳು ದಿನ. ಇಲ್ಲಿ ಸಿದ್ಧಾಂತ ಸ್ವಲ್ಪ ಬೇಕಾಗುತ್ತದೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಒಂದು ಉಪಾಯ ಬರೆದ: ಎಲ್ಲರಿಗಿಂತ ಹೆಚ್ಚು ಕೂಗಿದವನಿಗೆ ಸಾಮಾನು ಕೊಡಿ, ಆದರೆ ರೊಕ್ಕವನ್ನು ಎರಡನೆಯವ ಕೂಗಿದಷ್ಟೇ ತೆಗೆದುಕೊಳ್ಳಿ, ಆಗ ಪ್ರತಿಯೊಬ್ಬನೂ ಮನಸ್ಸಿನಲ್ಲಿದ್ದ ನಿಜವಾದ ಬೆಲೆಯನ್ನೇ ಹೇಳುತ್ತಾನೆ. 1996ರಲ್ಲಿ ನೊಬೆಲ್ ಬಂತು, ಘೋಷಣೆಯಾದ ಮೂರೇ ದಿನಕ್ಕೆ ಆತ ತೀರಿಕೊಂಡ. ಲಿಲಾವು ತಾಣಗಳು ಈ ಉಪಾಯವನ್ನೇ ಕೊಂಚ ತಿದ್ದಿ ಬಳಸುತ್ತವೆ. ನಿಮ್ಮ ಗರಿಷ್ಠ ಮೊತ್ತ ಒಮ್ಮೆ ಬರೆದಿಟ್ಟು ಮಲಗಿ, ಯಂತ್ರವೇ ನಿಮ್ಮ ಪರವಾಗಿ ಮೆಟ್ಟಿಲು ಹತ್ತುತ್ತದೆ. ನಾನು 900 ಬರೆದಿಟ್ಟು ಮಲಗಿದೆ. ವಿಕ್ರಿ ಹೇಳದೆ ಬಿಟ್ಟ ಒಂದು ಸಂಗತಿಯೆಂದರೆ, ಮನಸ್ಸಿನ ನಿಜವಾದ ಬೆಲೆ ಬೆಳಗಾಗುವುದರೊಳಗೆ ಬೆಳೆದಿರುತ್ತದೆ. ಎದುರಾಳಿಯ ಹೆಸರು ‘ಎಸ್’, ಮುಂದೆ ಮೂರು ಚುಕ್ಕೆ. ನಾನು 1,200 ಅಂದರೆ ಚುಕ್ಕೆಯವ 1,250. ಏಳನೆಯ ರಾತ್ರಿ ಹತ್ತು ಗಂಟೆಗೆ ಮುಕ್ತಾಯ. ಜನ ಯಾಕೆ ಕಡೇ ಗಳಿಗೆವರೆಗೆ ಕಾದು ಕೂಗುತ್ತಾರೆಂದು ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ 2002ರಲ್ಲಿ ಪ್ರೌಢ ಲೇಖನ ಬರೆದಿದ್ದಾರೆ. ನಾನು ಯಾಕೆ ಕಾದೆನೆಂದರೆ ಹಟಕ್ಕೆ. ಹನ್ನೊಂದು ಸೆಕೆಂಡು ಉಳಿದಾಗ ಒತ್ತಿದೆ. 2,650ಕ್ಕೆ ನಿಂತಿತು. ‘ಅಭಿನಂದನೆಗಳು, ನೀವು ಗೆದ್ದಿದ್ದೀರಿ’ ಎಂದು ಪರದೆ ಹೇಳಿತು.

‘ಗೆದ್ದೆ ನೋಡ!’ ಅಂದೆ.

‘ರೊಕ್ಕಾ ಕೊಟ್ಟು ಸಾಮಾನ ತರೂದಕ್ಕ ಯಾವಾಗಿಂದ ಗೆಲ್ಲೂದು ಅಂತಾರ್ರೀ?’ ಅಂದಳು ಹೆಂಡತಿ, ಕಾಯಿಪಲ್ಯೆ ಹೆಚ್ಚುತ್ತ.

1971ರಲ್ಲಿ ಅಮೆರಿಕದ ಮೂವರು ತೈಲ ಎಂಜಿನಿಯರರು ಇದೇ ಮಾತನ್ನು ಗಣಿತ ಹಾಕಿ ಹೇಳಿದ್ದರು: ತೈಲದ ಜಾಗದ ಹರಾಜಿನಲ್ಲಿ ಗೆಲ್ಲುವವನು ಬಹುತೇಕ ಅದರ ಬೆಲೆಯನ್ನು ಎಲ್ಲರಿಗಿಂತ ತಪ್ಪಾಗಿ ಅಳೆದವನು. ಅವರಿಗೆ ಪುಟಗಟ್ಟಲೆ ಬೇಕಾಯಿತು.

ಇಲ್ಲೊಂದು ಪೂರ್ವಪಕ್ಷ ಬರುತ್ತದೆ. ನಮ್ಮ ರೈತರು ದಿನಾಲೂ ಆನ್‌ಲೈನ್‌ನಲ್ಲೇ ಮಾರುತ್ತಾರಲ್ಲ, ನಿನ್ನದೇನು ಗೋಳು? ನಿಜ. ಕರ್ನಾಟಕ 2014ರಲ್ಲೇ ಎಪಿಎಂಸಿಗಳನ್ನು ಒಂದೇ ಮಾರುಕಟ್ಟೆ ವೇದಿಕೆಗೆ ಜೋಡಿಸಲು ಹೊರಟಿತು. ದೇಶದ ಇ-ನಾಮ್ ಬಂದದ್ದು 2016ರ ಏಪ್ರಿಲ್ 14ಕ್ಕೆ. ಆದರೆ ಅಮರಗೋಳದ ಯಾರ್ಡಿನಲ್ಲಿ ಚೀಲದ ಬಾಯಿ ಬಿಚ್ಚಿರುತ್ತದೆ. ಖರೀದಿದಾರ ಮುಷ್ಟಿ ತುಂಬ ಮೆಣಸಿನಕಾಯಿ ಎತ್ತಿ, ಮುರಿದು, ಮೂಸಿ, ಆಮೇಲೆ ಲಾಟ್ ನಂಬರಿಗೆ ದರ ಒತ್ತುತ್ತಾನೆ. ಅಲ್ಲಿ ಯಾರೂ ಗುಲಾಬಿ ಇಡುವುದಿಲ್ಲ. ಒಬ್ಬ ಒತ್ತಿದ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ಹಿಂದೆ ದನದ ಸಂತೆಯಲ್ಲಿ ದಲಾಲರು ಟಾವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಗುಟ್ಟಿನ ಹೊಸ ಅವತಾರ ಇದು. ದರ ಒಗ್ಗದಿದ್ದರೆ ರೈತ ಒಲ್ಲೆ ಅನ್ನಬಹುದು, ಅಂದ ಮೇಲೆ ಚೀಲಗಳನ್ನು ಏನು ಮಾಡಬೇಕೆಂದು ಮಾತ್ರ ಯಾವ ವೇದಿಕೆಯೂ ಹೇಳುವುದಿಲ್ಲ. ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯಾಗಿದ್ದ ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ದರ ಕುಸಿದಾಗ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಕೂಗುವ ದಲಾಲನಾದರೆ ಕೊರಳಪಟ್ಟಿ ಹಿಡಿದು ಕೇಳಬಹುದು, ಪರದೆಗೆ ಕೊರಳಪಟ್ಟಿ ಇಲ್ಲ. ಇಲ್ಲಿ ನನ್ನ ಅಣಕು ನಿಲ್ಲುತ್ತದೆ. 2,650 ಕಳೆದುಕೊಂಡವನು ವರ್ಷದ ಬೆಳೆ ಹೊತ್ತು ತಂದವನ ಪಕ್ಕದಲ್ಲಿ ಕೂತು ಅಳಬಾರದು.

ಮಾರುವ ಪ್ರಕರಣವನ್ನು ಚುಟುಕಾಗಿ ಮುಗಿಸುತ್ತೇನೆ. ಪ್ಲೇಟಿನ ಖರ್ಚು ಸರಿದೂಗಿಸಲು ಮನೆಯ ಹಳೇ ರೇಡಿಯೋವನ್ನು ಇನ್ನೊಂದು ತಾಣದಲ್ಲಿ 1,800ಕ್ಕೆ ಇಟ್ಟೆ. ಮೊದಲ ದಿನ ಹದಿನಾಲ್ಕು ಸಂದೇಶ. ಒಂಬತ್ತು ಜನ ‘ಫೈನಲ್ ಎಷ್ಟ್ರೀ?’ ಎಂದು ಮಾತ್ರ ಕೇಳಿ, ಉತ್ತರ ಕೊಟ್ಟೊಡನೆ ಮೋಕ್ಷ ಹೊಂದಿದರು. ನಾಲ್ವರು ‘ಇನ್ನೂ ಅದ ಏನ್ರೀ?’ ಅಂದರು, ಇದೆ ಎಂದು ತಿಳಿದು ಸಮಾಧಾನಪಟ್ಟು ಸುಮ್ಮನಾದರು. ಕುಂದಗೋಳ ಕಡೆಯವರೊಬ್ಬರು ರೊಕ್ಕದ ಬದಲು ಒಂದು ಹುಂಜ ಕೊಡಲು ಸಿದ್ಧರಿದ್ದರು. ಈ ಪ್ರಬಂಧದಲ್ಲಿ ಬರುವ ಏಕೈಕ ಪ್ರಾಮಾಣಿಕ ವ್ಯಾಪಾರಿ ಇವರೇ. ಕಡೆಗೆ ‘ಮಿಲಿಟರಿಯವ’ನೊಬ್ಬ ಚೌಕಾಸಿ ಮಾಡದೆ ಒಪ್ಪಿ, ರೊಕ್ಕ ಜಮಾ ಆಗಲು ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಕ್ಯೂಆರ್ ಕೋಡ್ ಕಳಿಸಿದ. ಯುಪಿಐ ಪಿನ್ ಒತ್ತುವುದು ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಇದು ಗೊತ್ತಿದ್ದರಿಂದ ಬಚಾವಾದೆ. ಗೊತ್ತಾಗದೆ ಒತ್ತಿದವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ರೇಡಿಯೋ ನಮ್ಮಲ್ಲೇ ಇದೆ.

ಪ್ಲೇಟು ಒಂಬತ್ತನೆಯ ದಿನ ಬಂತು. ಸೀರೆಯ ತೆಳು ರಟ್ಟಿನ ಡಬ್ಬಿ, ಒಳಗೆ ಒಂದು ಪದರು ಹಳೇ ಪೇಪರ್. ಅರಗಿನ ಪ್ಲೇಟು ಹಪ್ಪಳದ ಜಾತಿ. ಅಂಚಿಗೆ ಕೂದಲೆಳೆ ಸೀಳಿದ್ದರೆ ಒಂದು ಕುಲುಕು ಸಾಕು. ಡಬ್ಬಿ ಅಲುಗಾಡಿಸಿದಾಗಲೇ ಒಳಗಿನಿಂದ ಎರಡು ದನಿ ಬಂದವು. ಸೀಳು ಲೇಬಲ್ಲನ್ನು ಕತ್ತರಿಸಿ ಹೋಗಿತ್ತು, ಒಂದು ತುಂಡಿನಲ್ಲಿ ‘ಗಾಂ’, ಇನ್ನೊಂದರಲ್ಲಿ ‘ಧಾರಿ’ ಅನ್ನುವಷ್ಟು ನಿಖರವಾಗಿ. ಮಾರುವವನಿಗೆ ಬರೆದೆ. ‘ಕಳಿಸುವಾಗ ಸರಿಯಿತ್ತು’ ಅಂದ. ಪಾರ್ಸಲ್‌ನವರು ‘ಪ್ಯಾಕಿಂಗ್ ಸರಿಯಿರಲಿಲ್ಲ’ ಅಂದರು. ತಾಣದವರು ನನ್ನ ದೂರಿಗೆ ಒಂದು ನಂಬರು ಕೊಟ್ಟರು, ಬಹಳ ಉದ್ದದ್ದು.

ತಿಂಗಳ ಮೇಲೆ ಧಾರವಾಡದ ಲೈನ್ ಬಜಾರದಲ್ಲಿ ಪೇಡೆ ಕೊಳ್ಳಲು ನಿಂತಿದ್ದಾಗ ಹಳೆಯ ಗೆಳೆಯ ಸಿಕ್ಕ. ಅವನಿಗೂ ಪ್ಲೇಟಿನ ಹುಚ್ಚು. ಮಾರಿ ಸಣ್ಣದಾಗಿತ್ತು.

‘ಒಂದ ಗಾಂಧಾರಿ ಪ್ಲೇಟ ಬಂದಿತ್ತೋ. ಯಾವನೋ ಹುಚ್ಚ ಕಡೀ ಗಳಿಗ್ಯಾಗ ಕಸಗೊಂಡು ಹ್ವಾದ. ಎರಡ ಸಾವಿರದ ಆರನೂರಕ್ಕ!’

‘ಆರನೂರಾ ಐವತ್ತ,’ ಅಂದೆ.

ಅವನು ಪೇಡೆಯ ಪೊಟ್ಟಣ ಕಟ್ಟೆಯ ಮೇಲಿಟ್ಟು ನನ್ನನ್ನೇ ನೋಡಿದ. ಚುಕ್ಕೆಗಳ ಹಿಂದಿನ ‘ಎಸ್’ ನನ್ನಿಂದ ಇಪ್ಪತ್ತು ಕಿಲೋಮೀಟರು ದೂರದಲ್ಲಿ ಕೂತು ಏಳು ದಿನ ನನಗೆ ದರ ಏರಿಸಿದ್ದ. ಎದುರಾಬದುರಾ ನಿಂತು ಸವಾಲು ಕೂಗಿದ್ದರೆ ಒಬ್ಬರ ಮುಖ ಒಬ್ಬರು ನೋಡಿ 500ಕ್ಕೆ ಬಾಯಿ ಮುಚ್ಚುತ್ತಿದ್ದೆವು. ಅರ್ಥಶಾಸ್ತ್ರದಲ್ಲಿ ಅದಕ್ಕೆ ಕಳ್ಳ ಒಪ್ಪಂದ ಅನ್ನುತ್ತಾರೆ, ನಾವು ದೋಸ್ತಿ ಅನ್ನುತ್ತೇವೆ. ತುಂಡುಗಳನ್ನು ತೋರಿಸಿದೆ. ‘ಧಾರಿ’ ತನಗಿರಲಿ ಅಂದ, ಕೊಟ್ಟೆ.

ಓದುಗರಲ್ಲಿ ಒಂದು ವಿನಂತಿ. ಹುಬ್ಬಳ್ಳಿ-ಧಾರವಾಡದ ಯಾರ ಮನೆಯ ಅಟ್ಟದ ಮೇಲಾದರೂ ಆ ಹೆಸರಿನ ಪ್ಲೇಟು ಇದ್ದರೆ ದಯಮಾಡಿ ಲಿಲಾವಿಗೆ ಇಡಬೇಡಿ, ಪಾರ್ಸಲ್ ಮಾಡಬೇಡಿ. ಸುದ್ದಿ ಮುಟ್ಟಿಸಿ, ನಾವಿಬ್ಬರೂ ಚಿಗರಿ ಬಸ್ಸಿನಲ್ಲಿ ಬರುತ್ತೇವೆ. ಒಬ್ಬ ಕೂತು ಪ್ಲೇಟನ್ನು ತೊಡೆಯ ಮೇಲೆ ಹಿಡಿಯುತ್ತಾನೆ, ಇನ್ನೊಬ್ಬ ನಿಂತು ಗರ್ದಿಯನ್ನು ತಡೆಯುತ್ತಾನೆ. ದರ ನೀವೇ ಹೇಳಿ. ಫೈನಲ್ ಎಷ್ಟೆಂದು ಕೇಳುವುದಿಲ್ಲ.